ಒಂದು ಪಲ್ಸ್ ತಡವಾದರೆ: ಮರ ಕೆತ್ತುವ ಮೆಷಿನ್‌ಗೆ ರಿಯಲ್‌ಟೈಮ್ ಕರ್ನೆಲ್ ಹಾಕಿದ್ದು

ಮಾವನದು ತುಮಕೂರಿನಲ್ಲಿ ಸಣ್ಣ ಮರದ ವರ್ಕ್‌ಶಾಪ್. ಬಾಗಿಲು, ಕಿಟಕಿ, ದೇವರ ಮಂಟಪ ಅವರ ಮುಖ್ಯ ಕೆಲಸ. ಈಚೆಗೆ ಮನೆ ಹೆಸರಿನ ಬೋರ್ಡ್ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಉಳಿ ಹಿಡಿದು ಒಂದು ಬೋರ್ಡ್ ಕೆತ್ತಲು ಅವರಿಗೆ ಪೂರ್ತಿ ಒಂದು ದಿನ ಬೇಕು. ಮೊಣಕೈ ನೋವು ಬೇರೆ. ಹಾಗಾಗಿ ಒಂದು ಸಣ್ಣ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ, ಕಟ್ಟಿಕೊಡುತ್ತೇನೆ ಅಂತ ನಾನೇ ಮುಂದೆ ಬಿದ್ದು ಹೇಳಿದೆ. ನಾನಿರುವುದು ಬೆಂಗಳೂರಿನಲ್ಲಿ. ಶನಿವಾರ ಬೆಳಗ್ಗೆ ರೈಲು ಹತ್ತಿ ಹೋಗುವುದು, ಭಾನುವಾರ ರಾತ್ರಿ ವಾಪಸ್ ಬರುವುದು. ಎಲ್ಲ ಕೆಲಸ ನಡೆದದ್ದು ಈ ವಾರಾಂತ್ಯಗಳಲ್ಲೇ.

ಯಂತ್ರದ ಭಾಗ ಬೇಗ ಮುಗಿಯಿತು. ಅಲ್ಯುಮಿನಿಯಂ ಫ್ರೇಮ್, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪರ್ ಮೋಟರ್, ಅವನ್ನು ಓಡಿಸುವ ಟಿಬಿ 6600 ಡ್ರೈವರ್, 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 5 ಮಿಲಿಮೀಟರ್ ಪಿಚ್ಚಿನ ಬಾಲ್ ಸ್ಕ್ರೂ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಳೇ ಆಫೀಸ್ ಕಂಪ್ಯೂಟರ್ ಒಂದನ್ನು ತಂದೆ. ನಾಲ್ಕು ಕೋರ್‌ನ ಇಂಟೆಲ್ ಪ್ರೊಸೆಸರ್, ಹಳೇ ರೇಡಿಯಾನ್ ಕಾರ್ಡ್. ನಾನು ಹುಡುಕುತ್ತಿದ್ದದ್ದು ಅದರ ಬೆನ್ನಿನಲ್ಲಿದ್ದ ಪ್ಯಾರಲಲ್ ಪೋರ್ಟ್. ಅದರಲ್ಲಿ ಎಂಟು ಡೇಟಾ ತಂತಿ ಇರುತ್ತವೆ. 378 ಹೆಕ್ಸ್ ಅನ್ನುವ ವಿಳಾಸಕ್ಕೆ ಒಂದು ಬೈಟ್ ಬರೆದರೆ ಸಾಕು, ಆ ಎಂಟೂ ತಂತಿ ಅದರಂತೆ ಮೇಲೆ ಕೆಳಗೆ ಆಗುತ್ತವೆ. ಒಂದು ಮೋಟರ್‌ಗೆ ಎರಡು ತಂತಿ. ಒಂದು ಹೆಜ್ಜೆ ಇಡು ಅನ್ನಲು, ಇನ್ನೊಂದು ಯಾವ ಕಡೆ ಅನ್ನಲು. ಪೋರ್ಟ್ ಮತ್ತು ಡ್ರೈವರ್‌ಗಳ ಮಧ್ಯದಲ್ಲಿ ತಂತಿ ಜೋಡಿಸಲು ಒಂದು ಬ್ರೇಕ್‌ಔಟ್ ಬೋರ್ಡ್.

ಸ್ವಲ್ಪ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಪೂರ್ತಿ ಇದೇ ಲೆಕ್ಕ ಬರುತ್ತದೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್‌ನಲ್ಲಿ ಒಂದು ಹೆಜ್ಜೆಯನ್ನು 8 ಭಾಗ ಮಾಡಿದ್ದೆ, ಅಂದರೆ ಸುತ್ತಿಗೆ 1600. ಒಂದು ಸುತ್ತಿಗೆ ಸ್ಕ್ರೂ 5 ಮಿಲಿಮೀಟರ್ ಸರಿಯುತ್ತದೆ. ಅಲ್ಲಿಗೆ ಒಂದು ಮಿಲಿಮೀಟರ್‌ಗೆ 320 ಪಲ್ಸ್, ಅಂದರೆ ‘ಹೆಜ್ಜೆ ಇಡು’ ಅನ್ನುವ 320 ಸಂಕೇತ. ನಿಮಿಷಕ್ಕೆ 1500 ಮಿಲಿಮೀಟರ್ ವೇಗ ಬೇಕು ಅಂದರೆ ಸೆಕೆಂಡಿಗೆ 8000 ಪಲ್ಸ್. ಒಂದರಿಂದ ಇನ್ನೊಂದಕ್ಕೆ 125 ಮೈಕ್ರೋಸೆಕೆಂಡ್.

ಮೊದಲ ಬೋರ್ಡಿಗೆ ಹಲಸಿನ ಹಲಗೆ ಹಾಕಿದೆವು. ಹೆಸರು ‘ನೆಮ್ಮದಿ’. ‘ನೆ’ ಚೆನ್ನಾಗಿ ಬಂತು. ‘ಮ್ಮ’ದ ಒತ್ತಿನಲ್ಲಿ ಗೆರೆ ಶುರುವಾದ ಕಡೆಗೇ ಬಂದು ಕೂಡಬೇಕಿತ್ತು, ಕೂದಲೆಳೆಯಷ್ಟು ತಪ್ಪಿತು. ‘ದಿ’ ಬರುವ ಹೊತ್ತಿಗೆ ಪೂರ್ತಿ ಅಕ್ಷರ ಒಂದು ಮಿಲಿಮೀಟರ್ ಕೆಳಗೆ ಇಳಿದಿತ್ತು. ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಕಡಿಮೆ, ಎಲ್ಲ ದುಂಡು. ದುಂಡಗಿನ ಗೆರೆಯಲ್ಲಿ ಎರಡೂ ಮೋಟರ್‌ಗಳ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದು ಕಡೆ ಹೆಜ್ಜೆ ತಪ್ಪಿದರೂ ಗೆರೆ ಬಂದು ಕೂಡುವ ಜಾಗದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಮಾವ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಕೈಯಲ್ಲಿ ಮಾಡಿದ್ರೆ ಇಷ್ಟು ತಪ್ಪು ಆಗ್ತಿರಲಿಲ್ಲ ಕಣೋ” ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ಮೊದಲು ಸ್ಕ್ರೂ, ಆಮೇಲೆ ಸಾಫ್ಟ್‌ವೇರ್

ಯಂತ್ರದಲ್ಲೇ ಸಡಿಲ ಇರಬಹುದು ಅಂತ ಮೊದಲು ಅಲ್ಲಿಂದಲೇ ಶುರು ಮಾಡಿದೆ. ಕಪ್ಲಿಂಗ್‌ನ ಸ್ಕ್ರೂ ಬಿಗಿ ಮಾಡಿದೆ. ಡ್ರೈವರ್‌ನ ಕರೆಂಟ್ ಸೆಟ್ಟಿಂಗ್ ನೋಡಿದೆ. ಮೋಟರ್ ತಿರುಗುವಾಗ 24 ವೋಲ್ಟ್ ಇಳಿಯುತ್ತದೆಯೇ ಅಂತ ಮೀಟರ್ ಹಿಡಿದೆ. ಎಲ್ಲ ಸರಿ ಇತ್ತು. ನಿಧಾನಕ್ಕೆ, ಅಂದರೆ ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಓಡಿಸಿದರೆ ತಪ್ಪೇ ಇಲ್ಲ.

ಸುಳಿವು ಕೊಟ್ಟವರು ಮಾವ. ಅವರು ಅದೇ ಕಂಪ್ಯೂಟರಿನಲ್ಲಿ ಹಾಡು ಹಾಕಿಕೊಂಡು ಕೆಲಸ ಮಾಡುತ್ತಾರೆ. “ಹಾಡು ಬದಲಾಯಿಸಿದಾಗ ಮೋಟರ್ ಶಬ್ದ ಒಂಥರಾ ತಡವರಿಸುತ್ತೆ” ಅಂದರು. ನನಗೆ ಕೇಳಿಸಿರಲಿಲ್ಲ. ಮರದ ಮೇಲೆ ಕೀಸುಳಿ ಓಡುವ ಸದ್ದಿನಲ್ಲೇ ಗಂಟು ಎಲ್ಲಿದೆ ಅಂತ ಹೇಳುವ ಕಿವಿ ಅದು. ನಾನು ಬ್ರೌಸರ್ ತೆರೆದೆ, ಪೆನ್‌ಡ್ರೈವ್‌ಗೆ ಫೈಲ್ ಕಾಪಿ ಹಾಕಿದೆ. ಪ್ರತಿ ಸಲವೂ ಮೋಟರ್ ತಡವರಿಸಿತು. ತಪ್ಪಿರುವುದು ಕಬ್ಬಿಣದಲ್ಲಲ್ಲ, ಸಮಯದಲ್ಲಿ ಅನ್ನುವುದು ಖಾತ್ರಿಯಾಯಿತು.

ಸ್ಟೆಪರ್ ಮೋಟರ್‌ಗೆ ಒಂದು ಪಲ್ಸ್ ತಡವಾದರೆ ಏನಾಗುತ್ತದೆ ನೋಡಿ. 125 ಮೈಕ್ರೋಸೆಕೆಂಡಿಗೊಂದು ಬರಬೇಕಾದದ್ದು ಒಂದು ಸಲ 90 ಮೈಕ್ರೋಸೆಕೆಂಡ್ ತಡವಾಯಿತು ಅಂದುಕೊಳ್ಳಿ. ಆ ಅಂತರ 215 ಆಯಿತು. ಮುಂದಿನ ಪಲ್ಸ್ ಮಾತ್ರ ಸರಿಯಾದ ಸಮಯಕ್ಕೇ ಬಂತು. ಈಗ ಅಂತರ ಬರೀ 35. ಆ ಒಂದು ಕ್ಷಣ ನಾವು ಮೋಟರ್‌ಗೆ ಸೆಕೆಂಡಿಗೆ 28,500 ಹೆಜ್ಜೆಯ ವೇಗ ಕೇಳಿದ ಹಾಗಾಯಿತು. ಭಾರ ಹೊತ್ತ ಮೋಟರ್ ಅಷ್ಟು ಬೇಗ ಎದ್ದು ಓಡಲಾರದು, ಹೆಜ್ಜೆ ಬಿಟ್ಟುಬಿಡುತ್ತದೆ. ಬಿಟ್ಟದ್ದು ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ಮುಂದಿನ ಅಕ್ಷರಗಳೆಲ್ಲ ಆ ತಪ್ಪನ್ನು ಹೊತ್ತುಕೊಂಡೇ ಬರುತ್ತವೆ.

ಇಲ್ಲಿ ಸರಾಸರಿ ಲೆಕ್ಕಕ್ಕೆ ಬೆಲೆ ಇಲ್ಲ. ಲಕ್ಷ ಪಲ್ಸ್ ಸರಿಯಾಗಿ ಬಂದು ಒಂದು ತಡವಾದರೂ ಹಲಗೆ ಹಾಳು. ನಾನು ಅಳೆಯಬೇಕಾದದ್ದು ಅತಿ ಕೆಟ್ಟ ತಡ ಒಂದನ್ನೇ.

ನನ್ನ ಪ್ರೋಗ್ರಾಂ ಮಾಡುತ್ತಿದ್ದ ತಪ್ಪುಗಳು

ಮೊದಲ ಪ್ರೋಗ್ರಾಂ ನಾನೇ ಸಿ ಭಾಷೆಯಲ್ಲಿ ಬರೆದದ್ದು. ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ಡೆಬಿಯನ್ 12, ಅದರ ಜೊತೆ ಬರುವ ಮಾಮೂಲಿ 6.1 ಕರ್ನೆಲ್, ಅಂದರೆ ಪ್ರೊಸೆಸರನ್ನು ಯಾರಿಗೆ ಯಾವಾಗ ಕೊಡಬೇಕು ಅಂತ ನೋಡಿಕೊಳ್ಳುವ ಲಿನಕ್ಸ್‌ನ ತಿರುಳು. ಲೂಪ್ ಒಳಗೆ ಪೋರ್ಟ್‌ಗೆ ಬೈಟ್ ಬರೆಯುವುದು, ಯುಸ್ಲೀಪ್ ಕರೆದು 125 ಮೈಕ್ರೋಸೆಕೆಂಡ್ ಮಲಗುವುದು, ಮತ್ತೆ ಬರೆಯುವುದು. ಅಳೆದು ನೋಡಿದರೆ 125 ಕೇಳಿದ ಕಡೆ 185, 190 ಸಿಗುತ್ತಿತ್ತು.

ಇದಕ್ಕೆ ಎರಡು ಕಾರಣ. ಒಂದು, ಮಾಮೂಲಿ ಥ್ರೆಡ್‌ಗಳಿಗೆ (ಪ್ರೋಗ್ರಾಂನ ಒಳಗೆ ಓಡುವ ಒಂದೊಂದು ಕೆಲಸದ ಎಳೆಗೆ) ಲಿನಕ್ಸ್ 50 ಮೈಕ್ರೋಸೆಕೆಂಡ್ ಸಡಿಲ ಇಟ್ಟುಕೊಂಡಿರುತ್ತದೆ. ಟೈಮರ್ ಸ್ಲ್ಯಾಕ್ ಅಂತಾರೆ. ಹತ್ತಿರ ಹತ್ತಿರ ಇರುವ ಅಲಾರಂಗಳನ್ನು ಸೇರಿಸಿ ಒಂದೇ ಸಲ ಎಬ್ಬಿಸಿದರೆ ಕರೆಂಟ್ ಉಳಿಯುತ್ತದೆ, ಅದಕ್ಕೆ. ಫೋನು, ಲ್ಯಾಪ್‌ಟಾಪ್‌ಗೆ ಒಳ್ಳೆಯದೇ. ನನಗೆ ಬೇಡ. ರಿಯಲ್‌ಟೈಮ್ ಆದ್ಯತೆ, ಅಂದರೆ ಉಳಿದವರಿಗಿಂತ ಮೊದಲು ಓಡುವ ಹಕ್ಕು, ಪಡೆದ ಥ್ರೆಡ್‌ಗಳಿಗೆ ಈ ಸಡಿಲ ಇರುವುದಿಲ್ಲ.

ಎರಡನೆಯದು ನನ್ನದೇ ತಪ್ಪು. “ಇನ್ನೂ ಹತ್ತು ನಿಮಿಷ ಮಲಗುತ್ತೇನೆ” ಅನ್ನುವುದಕ್ಕೂ “ಆರೂ ಹತ್ತಕ್ಕೆ ಎಬ್ಬಿಸಿ” ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಯುಸ್ಲೀಪ್ ಮೊದಲನೆಯ ಥರ. ಎದ್ದು ಕೆಲಸ ಮುಗಿಸಿ, ಅಲ್ಲಿಂದ ಮತ್ತೆ 125 ಎಣಿಸುತ್ತದೆ. ಪ್ರತಿ ಸಲದ ತಡ ಮುಂದಿನದಕ್ಕೆ ಕೂಡಿಕೊಳ್ಳುತ್ತದೆ. ಕ್ಲಾಕ್ ನ್ಯಾನೋಸ್ಲೀಪ್ ಅನ್ನುವ ಕರೆಗೆ ಗಡಿಯಾರದ ಸಮಯವನ್ನೇ ಕೊಡಬಹುದು. ಹಿಂದಿನ ಗುರಿಗೆ 125 ಸೇರಿಸಿದರೆ ಮುಂದಿನ ಗುರಿ. ಎದ್ದದ್ದು ಎಷ್ಟೇ ತಡವಾಗಲಿ, ಗುರಿ ಮಾತ್ರ ಸರಿಯುವುದಿಲ್ಲ. ಗಡಿಯಾರ ಮಾನೊಟಾನಿಕ್, ಅಂದರೆ ಯಾರೂ ತಿದ್ದದೆ ಮುಂದಕ್ಕೇ ಓಡುವಂಥದ್ದು, ಇರಬೇಕು. ಗೋಡೆ ಗಡಿಯಾರದ ಸಮಯ ಇಟ್ಟುಕೊಂಡರೆ, ಇಂಟರ್ನೆಟ್‌ನಿಂದ ಟೈಮ್ ಸರಿ ಮಾಡಿಕೊಂಡ ಕ್ಷಣ ಮೋಟರ್ ಕೂಡ ಹಾರುತ್ತದೆ.

ಹೀಗೆ ಬದಲಾಯಿಸಿ, ಥ್ರೆಡ್‌ಗೆ ಫೈಫೋ ಅನ್ನುವ ರಿಯಲ್‌ಟೈಮ್ ಆದ್ಯತೆ 80 ಕೊಟ್ಟೆ. 125 ಕೇಳಿದರೆ 125 ಸಿಗತೊಡಗಿತು. ಆದರೆ ಪೆನ್‌ಡ್ರೈವ್ ಚುಚ್ಚಿದರೆ ತಡವರಿಕೆ ಹಾಗೇ ಇತ್ತು.

ಆಗ ಒಂದು ದಡ್ಡ ಉಪಾಯ ಮಾಡಿದೆ. ಮಲಗಿದರೆ ತಾನೇ ಏಳುವುದು ತಡ? ಮಲಗುವುದೇ ಬೇಡ, ಲೂಪಿನಲ್ಲಿ ಗಡಿಯಾರ ನೋಡುತ್ತ ಸುಮ್ನೆ ಸುತ್ತುತ್ತಾ ಇರಲಿ ಅಂತ ಬರೆದೆ. ಯಂತ್ರ ಓಡಿಸಿದ ತಕ್ಷಣ ಮಾವ ಕೈ ಎತ್ತಿದರು. “ನಿಲ್ಸೋ, ಸೆಕೆಂಡಿಗೊಂದು ಸಲ ಕಟಕ್ ಅಂತಿದೆ.” ನಿಜಕ್ಕೂ ಸೆಕೆಂಡಿಗೊಂದೇ ಸಲ. ಇದು ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಕರ್ನೆಲ್‌ನ ಒಂದು ಕಾವಲು. ರಿಯಲ್‌ಟೈಮ್ ಥ್ರೆಡ್ ಒಂದು ಸೆಕೆಂಡಿನಲ್ಲಿ 0.95 ಸೆಕೆಂಡ್‌ಗಿಂತ ಜಾಸ್ತಿ ಪ್ರೊಸೆಸರ್ ಹಿಡಿದುಕೊಂಡರೆ, ಉಳಿದ 0.05 ಸೆಕೆಂಡ್ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಪ್ಪು ಬರೆದ ಥ್ರೆಡ್ ಇಡೀ ಕಂಪ್ಯೂಟರನ್ನು ಕಟ್ಟಿಹಾಕಬಾರದು ಅಂತ ಈ ಏರ್ಪಾಡು. ಆ 50 ಮಿಲಿಸೆಕೆಂಡಿನಲ್ಲಿ ನನ್ನ 400 ಪಲ್ಸ್ ಬಾಕಿ ಉಳಿಯುತ್ತಿತ್ತು. ಎದ್ದ ಮೇಲೆ ಪ್ರೋಗ್ರಾಂ ಬಾಕಿ ತೀರಿಸಲು 400 ಪಲ್ಸನ್ನೂ ಒಂದೇ ಉಸಿರಿಗೆ ಕಕ್ಕುತ್ತಿತ್ತು. ಅದೇ ಆ ಕಟಕ್.

ಈ ಕಾವಲನ್ನು ಆಫ್ ಮಾಡಬಹುದು. ನಾನು ಮಾಡಲಿಲ್ಲ. ತಿರುಗುವ ಬಿಟ್ (ಕೆತ್ತುವ ಮೊನೆ) ಇರುವ ಯಂತ್ರದ ಮುಂದೆ ಕೀಬೋರ್ಡ್ ಕೂಡ ಕೆಲಸ ಮಾಡದ ಸ್ಥಿತಿ ಬರಬಾರದು. ಸುತ್ತುವ ಲೂಪನ್ನು ತೆಗೆದು ಹಾಕಿದೆ. ಜೊತೆಗೆ ಒಂದು ನಿಯಮ ಸೇರಿಸಿದೆ: ಗುರಿಗಿಂತ 60 ಮೈಕ್ರೋಸೆಕೆಂಡ್ ತಡವಾಗಿ ಎದ್ದರೆ ಬಾಕಿ ತೀರಿಸಬೇಡ, ಯಂತ್ರ ನಿಲ್ಲಿಸಿ ಕೂಗು. ಹಲಗೆ ಹಾಳಾಗುವುದಕ್ಕಿಂತ ನಿಲ್ಲುವುದು ವಾಸಿ.

ಅಲಾರಂ ಸರಿ ಇದೆ, ಬಾಗಿಲು ತೆರೆಯುವವರಿಲ್ಲ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಳೇ ಲಿನಕ್ಸ್‌ನಲ್ಲಿ ಸಮಯ ಅಂದರೆ ಶಾಲೆಯ ಗಂಟೆ ಇದ್ದ ಹಾಗೆ. ಸೆಕೆಂಡಿಗೆ 100, 250 ಅಥವಾ 1000 ಸಲ ಗಂಟೆ ಹೊಡೆಯುತ್ತಿತ್ತು. ಯಾರ ಟೈಮರ್ ಮುಗಿದಿದ್ದರೂ ಮುಂದಿನ ಗಂಟೆಗೇ ಏಳಬೇಕು. 250 ಅಂದರೆ 4 ಮಿಲಿಸೆಕೆಂಡಿಗೊಂದು ಗಂಟೆ. 125 ಮೈಕ್ರೋಸೆಕೆಂಡ್ ಮಲಗುವ ಮಾತೇ ಇಲ್ಲ.

ಆ ಹಳೇ ಏರ್ಪಾಡು ಕೆಟ್ಟದ್ದೇನೂ ಅಲ್ಲ. ನೆಟ್‌ವರ್ಕಿನಲ್ಲಿ “ಇಷ್ಟು ಹೊತ್ತಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸು” ಅಂತ ಸಾವಿರಾರು ಟೈಮರ್ ಹಾಕುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮುಗಿಯುವ ಮೊದಲೇ ರದ್ದಾಗುತ್ತವೆ. ಅಂಥವನ್ನು ಹಾಕುವುದು ತೆಗೆಯುವುದು ಸುಲಭ ಇದ್ದರೆ ಸಾಕು, ನಿಖರತೆ ಬೇಕಿಲ್ಲ. ನನ್ನಂಥ ಟೈಮರ್ ಬೇರೆ ಜಾತಿ. ಅದು ರದ್ದಾಗುವುದಿಲ್ಲ, ಖಂಡಿತ ಹೊಡೆಯುತ್ತದೆ, ಹೊಡೆಯುವ ಕ್ಷಣವೇ ಮುಖ್ಯ. ಈ ಎರಡು ಜಾತಿಯನ್ನು ಬೇರೆ ಮಾಡಿದ್ದೇ ದೊಡ್ಡ ಹೆಜ್ಜೆ. ಕರ್ನೆಲ್ ಡೆವಲಪರ್‌ಗಳಾದ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಇದರ ಹಿಂದೆ ಇದ್ದವರು. 2006ರಲ್ಲಿ 2.6.16 ಕರ್ನೆಲ್‌ಗೆ ಎಚ್‌ಆರ್‌ಟೈಮರ್ ಅನ್ನುವ ನಿಖರ ಟೈಮರ್ ಬಂತು. ಟೈಮರ್‌ಗಳನ್ನು ಹೊಡೆಯುವ ಹೊತ್ತಿನ ಕ್ರಮದಲ್ಲಿ ರೆಡ್-ಬ್ಲ್ಯಾಕ್ ಟ್ರೀ ಅನ್ನುವ, ಮರದ ಕೊಂಬೆಗಳಂಥ ಪಟ್ಟಿಯಲ್ಲಿ ಜೋಡಿಸಿಡುತ್ತದೆ. 2007ರಲ್ಲಿ 2.6.21 ಬಂದಾಗ ಅದಕ್ಕೆ ನಿಜವಾದ ಬಲ ಸಿಕ್ಕಿತು. ಅಲ್ಲಿಂದ ಮುಂದೆ ಕರ್ನೆಲ್ ಗಂಟೆಗೆ ಕಾಯುವುದಿಲ್ಲ. ಎಲ್ಲಕ್ಕಿಂತ ಮೊದಲು ಹೊಡೆಯಬೇಕಾದ ಟೈಮರ್ ಯಾವುದು ನೋಡಿ, ಪ್ರೊಸೆಸರ್ ಕೋರ್‌ನ ಒಳಗಿರುವ ಟೈಮರ್‌ಗೆ ಆ ಕ್ಷಣವನ್ನೇ ಇಟ್ಟುಬಿಡುತ್ತದೆ.

ನನ್ನ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿದೆಯೇ ಅಂತ ನೋಡಿದೆ. ಪ್ರಾಕ್ ಫೋಲ್ಡರ್‌ನ ಟೈಮರ್ ಲಿಸ್ಟ್ ಫೈಲಿನಲ್ಲಿ ರೆಸಲ್ಯೂಶನ್ 1 ನ್ಯಾನೋಸೆಕೆಂಡ್ ಅಂತಿತ್ತು. ಗಡಿಯಾರದ ಮೂಲ ಟಿಎಸ್‌ಸಿ, ಅಂದರೆ ಪ್ರೊಸೆಸರ್‌ನ ಒಳಗೇ ಇರುವ ಎಣಿಕೆ. ಎರಡೂ ಸರಿ.

ಹಾಗಾದರೆ ತಡ ಎಲ್ಲಿ? ಅಲಾರಂ ಸಮಯಕ್ಕೆ ಸರಿಯಾಗಿ ಹೊಡೆಯುತ್ತದೆ. ಆದರೆ ಆ ಹೊತ್ತಿಗೆ ಕರ್ನೆಲ್ ಬೇರೆ ಕೆಲಸದಲ್ಲಿ ಮುಳುಗಿರುತ್ತದೆ. ಮಾಮೂಲಿ ಕರ್ನೆಲ್‌ನಲ್ಲಿ ಯಾರೋ ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕಾದ ಮಾಹಿತಿಗೆ ಹಾಕುವ ಬೀಗ) ಹಿಡಿದಿದ್ದರೆ, ಅದನ್ನು ಬಿಡುವ ತನಕ ಆ ಕೋರ್‌ನಲ್ಲಿ ಬೇರೆ ಯಾರಿಗೂ ಸರದಿ ಇಲ್ಲ. ಇಂಟರಪ್ಟ್, ಅಂದರೆ ಯಾವುದೋ ಸಾಧನದಿಂದ ‘ನನ್ನನ್ನು ನೋಡು’ ಅನ್ನುವ ಕರೆ, ಬಂದರೆ ಅದರ ಕೆಲಸ ಮುಗಿಯುವ ತನಕವೂ ಇಲ್ಲ. ನನ್ನ ಥ್ರೆಡ್‌ನ ಆದ್ಯತೆ 80 ಆಗಲಿ 99 ಆಗಲಿ, ಬಾಗಿಲ ಹೊರಗೆ ನಿಂತಿರಬೇಕು.

ಸೈಕ್ಲಿಕ್‌ಟೆಸ್ಟ್ ಅನ್ನುವ ಟೂಲ್ ಇದನ್ನು ಅಳೆಯುತ್ತದೆ. ಇಷ್ಟು ಹೊತ್ತಿಗೆ ಎಬ್ಬಿಸು ಅಂತ ಕೇಳಿ, ನಿಜಕ್ಕೂ ಎದ್ದದ್ದು ಎಷ್ಟು ತಡ ಅಂತ ಬರೆದಿಡುತ್ತದೆ. ಕಂಪ್ಯೂಟರ್ ಸುಮ್ಮನಿದ್ದಾಗ ಸರಾಸರಿ 7, ಅತಿ ಹೆಚ್ಚು 58 ಮೈಕ್ರೋಸೆಕೆಂಡ್ ಬಂತು. ನಂತರ ಪೆನ್‌ಡ್ರೈವ್ ಕಾಪಿ, ಬ್ರೌಸರ್, ಹಾಡು, ಜೊತೆಗೆ ಹ್ಯಾಕ್‌ಬೆಂಚ್ ಅನ್ನುವ ಭಾರ ಹೇರುವ ಟೂಲ್ ಹಾಕಿ ಪೂರ್ತಿ ಭಾರ ಕೊಟ್ಟೆ. ಸರಾಸರಿ 9. ಅತಿ ಹೆಚ್ಚು 1,740. ಸರಾಸರಿ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುವವರು ಇದ್ದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಕರ್ನೆಲ್ ಕಟ್ಟಿದ ಶನಿವಾರ

ಹೀಗೆ ಬಾಗಿಲಲ್ಲಿ ಕಾಯುವುದನ್ನು ತಗ್ಗಿಸಲು ಇರುವುದೇ ರಿಯಲ್‌ಟೈಮ್ ಲಿನಕ್ಸ್. ಅದು ಇಪ್ಪತ್ತು ವರ್ಷ ಹೊರಗಿನಿಂದ ಸೇರಿಸಿಕೊಳ್ಳುವ ಪ್ಯಾಚ್ ಆಗಿಯೇ ಇತ್ತು. ಅದರ ತುಂಡುಗಳು ಒಂದೊಂದಾಗಿ ಮುಖ್ಯ ಕರ್ನೆಲ್ ಸೇರುತ್ತ ಬಂದವು. ಎಚ್‌ಆರ್‌ಟೈಮರ್ ಕೂಡ ಆ ಕೆಲಸದ ಮಧ್ಯದಿಂದಲೇ ಬಂದದ್ದು. ಕೊನೆಯ ತನಕ ಕಾಡಿದ್ದು ಪ್ರಿಂಟ್‌ಕೆ, ಅಂದರೆ ಕರ್ನೆಲ್ ತನ್ನ ಸಂದೇಶಗಳನ್ನು ಪರದೆಗೆ ಬರೆಯುವ ಭಾಗ. 2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ‘ಇದನ್ನು ಮುಖ್ಯ ಕರ್ನೆಲ್‌ಗೆ ಸೇರಿಸಿಕೊಳ್ಳಿ’ ಅನ್ನುವ ಕೊನೆಯ ಮನವಿಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ, ಬಂಗಾರದ ಬಣ್ಣದ ಹಾಳೆಯಲ್ಲಿ ಸುತ್ತಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೈಗೆ ಕೊಟ್ಟರು. ಆ ವರ್ಷ ನವೆಂಬರ್‌ನಲ್ಲಿ ಬಂದ 6.12ರಲ್ಲಿ ಅದು ಮುಖ್ಯ ಕರ್ನೆಲ್‌ನ ಒಂದು ಆಯ್ಕೆಯಾಗಿ ಸೇರಿತು. ಇಪ್ಪತ್ತು ವರ್ಷ ಒಂದೇ ಕೆಲಸವನ್ನು ಹಿಡಿದು ಕೂತವರ ಬಗ್ಗೆ ನನಗೆ ತುಂಬಾ ಗೌರವ. ಅದಕ್ಕೇ ಡೆಬಿಯನ್‌ನ ಸಿದ್ಧ ಆರ್‌ಟಿ (ರಿಯಲ್‌ಟೈಮ್) ಪ್ಯಾಕೇಜ್ ಸಿಗುತ್ತಿದ್ದರೂ 6.12 ತಂದು ಕೈಯಾರೆ ಕಟ್ಟಬೇಕು ಅನಿಸಿತು.

ಕಟ್ಟುವಾಗ ಮೂರು ಕಡೆ ಸಿಕ್ಕಿಬಿದ್ದೆ. ಆಯ್ಕೆಗಳ ಪಟ್ಟಿಯಲ್ಲಿ ರಿಯಲ್‌ಟೈಮ್ ಅನ್ನುವುದೇ ಕಾಣಲಿಲ್ಲ. ಮೊದಲು ಎಕ್ಸ್‌ಪರ್ಟ್ ಅನ್ನುವ ಆಯ್ಕೆ ಆನ್ ಮಾಡಬೇಕು, ಆಮೇಲೆ ಅದು ತೋರುತ್ತದೆ. ಅರ್ಧ ಗಂಟೆ ಅಲ್ಲೇ ಹೋಯಿತು. ಎರಡನೆಯದು, ಡೆಬಿಯನ್‌ನ ಹಳೇ ಕಾನ್ಫಿಗ್ ಫೈಲ್ ಹಾಗೇ ಬಳಸಿದರೆ ಅದು ನಂಬಿಕಸ್ತ ಕೀಲಿಗಳ ಒಂದು ಫೈಲ್ ಹುಡುಕುತ್ತದೆ. ಆ ಫೈಲ್ ನಮ್ಮಲ್ಲಿ ಇರುವುದಿಲ್ಲ, ಬಿಲ್ಡ್ ನಿಲ್ಲುತ್ತದೆ. ಆ ಸಾಲನ್ನು ಖಾಲಿ ಮಾಡಬೇಕು. ಮೂರನೆಯದು, ಡೀಬಗ್ ಮಾಹಿತಿ ಆನ್ ಇದ್ದರೆ ಡಿಸ್ಕ್ ತುಂಬಿಹೋಗುತ್ತದೆ. ಅದನ್ನು ಆಫ್ ಮಾಡಿ, ಈ ಕಂಪ್ಯೂಟರ್‌ಗೆ ಬೇಕಾದ ಮಾಡ್ಯೂಲ್ ಮಾತ್ರ ಇಟ್ಟು ಮತ್ತೆ ಶುರು ಮಾಡಿದೆ. ಮಧ್ಯಾಹ್ನ ಊಟ ಮುಗಿಸಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮುಗಿದಿತ್ತು.

ಈ ಆಯ್ಕೆ ಒಳಗೆ ಏನು ಮಾಡುತ್ತದೆ? ಹೆಚ್ಚಿನ ಸ್ಪಿನ್‌ಲಾಕ್‌ಗಳು ಮಲಗಬಲ್ಲ ಲಾಕ್‌ಗಳಾಗುತ್ತವೆ. ಹಿಡಿದವನನ್ನೂ ಪಕ್ಕಕ್ಕೆ ಸರಿಸಿ ಮೇಲಿನ ಆದ್ಯತೆಯವನು ಓಡಬಹುದು. ಇಂಟರಪ್ಟ್‌ಗಳ ಕೆಲಸ ಥ್ರೆಡ್‌ಗಳಿಗೆ ಹೋಗುತ್ತದೆ, ಅವುಗಳ ಆದ್ಯತೆ 50. ಯುಎಸ್‌ಬಿ, ಡಿಸ್ಕ್, ಸೌಂಡ್ ಕಾರ್ಡ್ ಎಲ್ಲವೂ 50ರಲ್ಲಿ ನಿಂತರೆ, 80ರಲ್ಲಿರುವ ನನ್ನ ಪಲ್ಸ್ ಥ್ರೆಡ್ ಅವನ್ನೆಲ್ಲ ದಾಟಿ ಬರುತ್ತದೆ.

ಟೈಮರ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ನಾನು ಅದರಲ್ಲಿ ಒಂದು ಸಂಜೆ ಕಳೆದೆ. ಆರ್‌ಟಿ ಕರ್ನೆಲ್‌ನಲ್ಲಿ ಹೆಚ್ಚಿನ ಎಚ್‌ಆರ್‌ಟೈಮರ್‌ಗಳು ಇಂಟರಪ್ಟ್ ಬಂದ ಕ್ಷಣಕ್ಕೇ ಹೊಡೆಯುವುದಿಲ್ಲ, ಸಾಫ್ಟ್‌ಇಂಟರಪ್ಟ್ ಅನ್ನುವ, ಆಮೇಲೆ ನೋಡುವ ಕೆಲಸಗಳ ಸಾಲಿಗೆ ಹೋಗಿ ಸರದಿ ಕಾಯುತ್ತವೆ. ರಿಯಲ್‌ಟೈಮ್ ಥ್ರೆಡ್ ಮಲಗಿದಾಗ ಮಾತ್ರ ಅದರ ಟೈಮರ್ ನೇರ ಇಂಟರಪ್ಟ್‌ನಲ್ಲೇ ಹೊಡೆಯುತ್ತದೆ. ನನ್ನ ಒಂದು ಟೆಸ್ಟ್ ಪ್ರೋಗ್ರಾಂನಲ್ಲಿ ಆದ್ಯತೆ ಕೊಡುವ ಕರೆ ವಿಫಲವಾಗಿತ್ತು, ನಾನು ಅದರ ಉತ್ತರ ಪರೀಕ್ಷೆ ಮಾಡಿರಲಿಲ್ಲ. ಥ್ರೆಡ್ ಮಾಮೂಲಿಯಾಗೇ ಓಡುತ್ತಿತ್ತು. ಮಾಮೂಲಿ ಕರ್ನೆಲ್‌ಗಿಂತ ಆರ್‌ಟಿ ಕರ್ನೆಲ್‌ನಲ್ಲಿ ತಡ ಜಾಸ್ತಿ ಬರುತ್ತಿರುವುದು ನೋಡಿ ತಲೆ ಕೆಟ್ಟಿತ್ತು. ಆ ಕರೆಯ ಉತ್ತರವನ್ನು ತಪ್ಪದೆ ನೋಡಿ. ಅನುಮತಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಸರಿಪಡಿಸಿದ ಮೇಲೆ ಪೂರ್ತಿ ಭಾರದಲ್ಲಿ ಸೈಕ್ಲಿಕ್‌ಟೆಸ್ಟ್ ಹೇಳಿದ್ದು 34. 1,740ರಿಂದ 34ಕ್ಕೆ ಇಳಿದಿತ್ತು. ಮಾವನಿಗೆ ಪರದೆ ತೋರಿಸಿದೆ. “ಅಂಕಿ ಬಿಡು, ಗೆರೆ ಕೂಡುತ್ತಾ ನೋಡು” ಅಂದರು.

ಗೆರೆ ಕೂಡಲಿಲ್ಲ. ನನ್ನ ಪ್ರೋಗ್ರಾಂ ಸ್ವಲ್ಪ ಹೊತ್ತಿಗೇ ತಡ ಅಂತ ಕೂಗಿ ನಿಂತುಬಿಟ್ಟಿತು.

ಟೂಲ್ ಹೇಳಿದ್ದು ಬೇರೆ, ನನ್ನ ಪ್ರೋಗ್ರಾಂ ಕಂಡದ್ದು ಬೇರೆ

ಸೈಕ್ಲಿಕ್‌ಟೆಸ್ಟ್‌ಗೆ 34 ಬರುವಾಗ ನನ್ನ ಪ್ರೋಗ್ರಾಂಗೆ ಯಾಕೆ 170 ಬರುತ್ತಿದೆ? ಅದೇ ಕರ್ನೆಲ್, ಅದೇ ಆದ್ಯತೆ. ಸೈಕ್ಲಿಕ್‌ಟೆಸ್ಟ್‌ನ ಸೋರ್ಸ್ ಓದಿದಾಗ ಉತ್ತರ ಸಿಕ್ಕಿತು. ಅದು ಶುರುವಾದ ಕೂಡಲೇ ಡೆವ್ ಫೋಲ್ಡರ್‌ನಲ್ಲಿರುವ ಸಿಪಿಯು ಡಿಎಂಎ ಲೇಟೆನ್ಸಿ ಅನ್ನುವ ಫೈಲ್ ತೆರೆದು ಅದರಲ್ಲಿ ಸೊನ್ನೆ ಬರೆಯುತ್ತದೆ. ಹಾಗೆ ಬರೆದರೆ ಪ್ರೊಸೆಸರ್ ಗಾಢ ನಿದ್ದೆಗೆ ಹೋಗಬಾರದು ಅಂತ ಅರ್ಥ. ಕೆಲಸ ಇಲ್ಲದಾಗ ಕೋರ್‌ಗಳು ಕರೆಂಟ್ ಉಳಿಸಲು ಆಳ ಆಳದ ನಿದ್ದೆಗೆ ಇಳಿಯುತ್ತವೆ. ಆಳ ಹೆಚ್ಚಾದಷ್ಟೂ ಏಳುವುದಕ್ಕೆ ಹೊತ್ತು ಬೇಕು. ಟೂಲ್ ಅದನ್ನು ತಡೆದು ಅಳೆಯುತ್ತಿತ್ತು, ನಾನು ತಡೆದಿರಲಿಲ್ಲ. ಅದೇ ಮೂರು ಸಾಲು ನನ್ನ ಪ್ರೋಗ್ರಾಂಗೂ ಸೇರಿಸಿದೆ. ಒಂದು ಎಚ್ಚರ: ಫೈಲನ್ನು ಕೊನೆಯ ತನಕ ತೆರೆದೇ ಇಡಬೇಕು. ಮುಚ್ಚಿದ ಕ್ಷಣ ಕೋರಿಕೆ ರದ್ದು.

ಇನ್ನೊಂದು ತಡ ಮೆಮೊರಿಯಿಂದ ಬರುತ್ತಿತ್ತು. ಮೊದಲ ಸಲ ಮುಟ್ಟಿದ ಪುಟಕ್ಕೆ ಕರ್ನೆಲ್ ಆಗಲೇ ಜಾಗ ಹುಡುಕಿಕೊಡಬೇಕು. ಎಂಲಾಕ್‌ಆಲ್ ಕರೆದು ಎಲ್ಲ ಪುಟಗಳನ್ನೂ ಮೊದಲೇ ರ್‍ಯಾಮ್‌ನಲ್ಲಿ ಕೂರಿಸಿ, ಸ್ಟ್ಯಾಕನ್ನೂ ಒಮ್ಮೆ ಮುಟ್ಟಿಬಿಟ್ಟೆ. ಅದು ಮುಗಿಯಿತು.

ಮೂರನೆಯದು ನನಗೆ ಹೆಚ್ಚು ಕಲಿಸಿದ್ದು. ಪಲ್ಸ್ ಥ್ರೆಡ್ ಮತ್ತು ಲಾಗ್ ಬರೆಯುವ ಥ್ರೆಡ್ ಒಂದೇ ಮ್ಯೂಟೆಕ್ಸ್ (ಇದೂ ಒಂದು ಬಗೆಯ ಲಾಕ್) ಹಂಚಿಕೊಂಡಿದ್ದವು. ಲಾಗ್ ಥ್ರೆಡ್ ಮಾಮೂಲಿ ಆದ್ಯತೆಯದು. ಅದು ಲಾಕ್ ಹಿಡಿದಿರುವಾಗ ಬ್ರೌಸರ್ ಬಂದು ಅದನ್ನು ಪಕ್ಕಕ್ಕೆ ತಳ್ಳಿದರೆ, ಲಾಕ್ ಬಿಡುವವರಿಲ್ಲ. 80ರ ಥ್ರೆಡ್ ಬ್ರೌಸರ್‌ಗಾಗಿ ಕಾದು ಕೂರುತ್ತದೆ. 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದದ್ದು ಇದೇ ಕಾರಣಕ್ಕೆ. ಅಲ್ಲಿ ಹವಾಮಾನ ಅಳೆಯುವ ಕೆಳಗಿನ ಕೆಲಸ ಲಾಕ್ ಹಿಡಿದಿತ್ತು, ನಡುವಿನ ಕೆಲಸ ಅದನ್ನು ತಡೆದಿತ್ತು, ಮೇಲಿನ ಕೆಲಸ ಕಾಯುತ್ತಿತ್ತು. ಭೂಮಿಯಿಂದಲೇ ಸೆಟ್ಟಿಂಗ್ ಬದಲಾಯಿಸಿ ಆದ್ಯತೆಯ ಬಳುವಳಿ ಆನ್ ಮಾಡಿದರು. ಅಂದರೆ ಲಾಕ್ ಹಿಡಿದವನಿಗೆ, ಕಾಯುತ್ತಿರುವವನ ಆದ್ಯತೆ ತಾತ್ಕಾಲಿಕವಾಗಿ ಸಿಗುತ್ತದೆ. ಆರ್‌ಟಿ ಕರ್ನೆಲ್ ತನ್ನ ಒಳಗಿನ ಲಾಕ್‌ಗಳಿಗೆ ಇದನ್ನು ತಾನೇ ಮಾಡುತ್ತದೆ. ಆದರೆ ನನ್ನ ಪ್ರೋಗ್ರಾಂನ ಮ್ಯೂಟೆಕ್ಸ್‌ಗೆ ನಾನೇ ಕೇಳಿ ಪಡೆಯಬೇಕಿತ್ತು. ಕೊನೆಗೆ ಲಾಕನ್ನೇ ತೆಗೆದೆ. ಪಲ್ಸ್ ಥ್ರೆಡ್ ರಿಂಗ್ ಬಫರ್ ಅನ್ನುವ ಸುತ್ತು ಪಟ್ಟಿಗೆ ಬರೆದು ಮುಂದೆ ಹೋಗುತ್ತದೆ, ಲಾಗ್ ಥ್ರೆಡ್ ಬಿಡುವಾದಾಗ ಓದಿಕೊಳ್ಳುತ್ತದೆ. ಯಾರೂ ಯಾರಿಗೂ ಕಾಯುವುದಿಲ್ಲ.

ಒಂದು ಕೋರನ್ನು ಬೂಟ್ ಸಾಲಿನಲ್ಲೇ ಬೇರೆ ಮಾಡಿ ಪಲ್ಸ್ ಥ್ರೆಡ್‌ಗೆ ಬಿಟ್ಟುಕೊಟ್ಟೆ, ಉಳಿದ ಇಂಟರಪ್ಟ್‌ಗಳನ್ನು ಆ ಕೋರ್‌ನಿಂದ ಸರಿಸಿದೆ. ತಡ 26ಕ್ಕೆ ಇಳಿಯಿತು.

ನಿಮಿಷಕ್ಕೊಮ್ಮೆ ಬರುವ ಕಳ್ಳ

ಆದರೂ ಸುಮಾರು ನಿಮಿಷಕ್ಕೊಂದು ಸಲ 310 ಮೈಕ್ರೋಸೆಕೆಂಡ್ ತಡ ಬರುತ್ತಿತ್ತು. ಕರ್ನೆಲ್‌ನ ಟ್ರೇಸ್‌ನಲ್ಲಿ ಏನೂ ಇಲ್ಲ. ಆ 310 ಮೈಕ್ರೋಸೆಕೆಂಡ್ ಇರಲೇ ಇಲ್ಲ ಅನ್ನುವ ಹಾಗೆ ಖಾಲಿ. ಯಾವ ಥ್ರೆಡ್ಡೂ ಓಡಿಲ್ಲ, ಯಾವ ಇಂಟರಪ್ಟೂ ಬಂದಿಲ್ಲ.

ಇಂಥದ್ದಕ್ಕೆ ಎಚ್‌ಡಬ್ಲ್ಯು ಲ್ಯಾಟ್ ಡಿಟೆಕ್ಟ್ ಅನ್ನುವ ಟೂಲ್ ಇದೆ. ಅದು ಇಂಟರಪ್ಟ್‌ಗಳನ್ನೆಲ್ಲ ಮುಚ್ಚಿ, ಗಡಿಯಾರವನ್ನು ಬಿಡದೆ ಓದುತ್ತಾ ಕೂರುತ್ತದೆ. ಎರಡು ಓದಿನ ಮಧ್ಯೆ ಸಮಯ ಜಿಗಿದರೆ, ಪ್ರೊಸೆಸರನ್ನು ಲಿನಕ್ಸ್ ಅಲ್ಲದ ಬೇರೆ ಯಾರೋ ತೆಗೆದುಕೊಂಡಿದ್ದಾರೆ ಅಂತ. ಆ ಬೇರೆಯವರು ಬಯಾಸ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಂ. ಎಸ್‌ಎಂಐ ಅನ್ನುವ ಇಂಟರಪ್ಟ್ ಬಂದರೆ ಪ್ರೊಸೆಸರ್ ಎಲ್ಲ ಬಿಟ್ಟು ಬಯಾಸ್‌ನ ಕೋಡ್ ಓಡಿಸುತ್ತದೆ. ಆಪರೇಟಿಂಗ್ ಸಿಸ್ಟಂಗೆ ಅದು ತಿಳಿಯುವುದೂ ಇಲ್ಲ, ತಡೆಯಲು ಆಗುವುದೂ ಇಲ್ಲ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದನ್ನು ಎಣಿಸುವ ರಿಜಿಸ್ಟರ್ ಇದೆ, ಟರ್ಬೋಸ್ಟ್ಯಾಟ್ ಅದನ್ನು ತೋರಿಸುತ್ತದೆ. ತಡ ಬಂದಾಗೆಲ್ಲ ಆ ಎಣಿಕೆ ಒಂದು ಏರುತ್ತಿತ್ತು.

ಬಯಾಸ್‌ಗೆ ಹೋಗಿ ಒಂದೊಂದೇ ಆಯ್ಕೆ ಬದಲಾಯಿಸಿ ಅಳೆದೆ. ಹಳೇ ಯುಎಸ್‌ಬಿ ಬೆಂಬಲ ಆಫ್ ಮಾಡಿದೆ, ವ್ಯತ್ಯಾಸ ಇಲ್ಲ. ಫ್ಯಾನ್ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಆಯ್ಕೆ ತೆಗೆದು ಪೂರ್ತಿ ವೇಗಕ್ಕೆ ಇಟ್ಟೆ. ಎಣಿಕೆ ನಿಂತಿತು. ಶಾಖ ನೋಡಿ ಫ್ಯಾನ್ ಹೊಂದಿಸಲು ಬಯಾಸ್ ನಿಮಿಷಕ್ಕೊಮ್ಮೆ ಬಂದು ಹೋಗುತ್ತಿತ್ತು, ಅಷ್ಟೇ. ಫ್ಯಾನ್ ಈಗ ಸದಾ ಜೋರಾಗಿ ತಿರುಗುತ್ತದೆ. “ಮಾವ, ಸ್ವಲ್ಪ ಸದ್ದು ಬರುತ್ತೆ, ಪರವಾಗಿಲ್ವಾ?” ಅಂತ ಕೇಳಿದೆ. “ರೌಟರ್ ಸದ್ದಿನ ಮುಂದೆ ಇದ್ಯಾವ ಲೆಕ್ಕ” ಅಂದರು.

ಆ ರಾತ್ರಿ ಹಾಡು, ಬ್ರೌಸರ್, ಹ್ಯಾಕ್‌ಬೆಂಚ್ ಎಲ್ಲ ಹಾಕಿ ಸೈಕ್ಲಿಕ್‌ಟೆಸ್ಟ್ ಬಿಟ್ಟು ಮಲಗಿದೆ. 200 ಮೈಕ್ರೋಸೆಕೆಂಡಿಗೊಂದು ಅಳತೆ. ಮೂರು ಗಂಟೆಗೆ ಕರೆಂಟ್ ಹೋಯಿತು, ಯುಪಿಎಸ್ ಕಾಪಾಡಿತು. ಬೆಳಗ್ಗೆ, ಎಂಟು ಗಂಟೆ ಕಾಲದ ಓಟ ಮುಗಿದಾಗ 14 ಕೋಟಿ 40 ಲಕ್ಷ ಅಳತೆ ಆಗಿತ್ತು. ಅತಿ ಕೆಟ್ಟದ್ದು 28.

ಲಿನಕ್ಸ್‌ಸಿಎನ್‌ಸಿ, ಮತ್ತೆ ಆ ಹಲಗೆ

ನನ್ನ ಪ್ರೋಗ್ರಾಂ ಕಲಿಯುವುದಕ್ಕೆ. ದಿನದ ಕೆಲಸಕ್ಕೆ, ಸಿಎನ್‌ಸಿ ಯಂತ್ರ ಓಡಿಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ ಹಾಕಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ ಹುಟ್ಟಿದ ಇಎಂಸಿ ಅನ್ನುವ ಕೆಲಸದಿಂದ ಬೆಳೆದದ್ದು ಇದು. ವೇಗ ಏರಿಸುವುದು, ಇಳಿಸುವುದು, ತಿರುವಿನಲ್ಲಿ ಹೊಂದಿಸುವುದನ್ನು ನಾನು ಮಾಡುವುದಕ್ಕಿಂತ ಎಷ್ಟೋ ಚೆನ್ನಾಗಿ ಮಾಡುತ್ತದೆ. ಪಲ್ಸ್ ತೆಗೆಯಲು ಅದಕ್ಕೊಂದು ಬೇಸ್ ಥ್ರೆಡ್ ಇದೆ. ಪಲ್ಸ್‌ಗಳ ಅಂತರ ಯಾವಾಗಲೂ ಈ ಥ್ರೆಡ್‌ನ ಅವಧಿಯ ಪಟ್ಟುಗಳಲ್ಲೇ ಇರುತ್ತದೆ. 28 ಮೈಕ್ರೋಸೆಕೆಂಡ್ ತಡ ಇರುವ ಕಡೆ 25ರ ಅವಧಿ ಇಡಲಾಗದು. 40 ಇಟ್ಟೆ.

ಆಗ ಹಳೇ ಲೆಕ್ಕ ಮತ್ತೆ ಬಂತು. 125 ಬೇಕಾದ ಕಡೆ 40ರ ಪಟ್ಟು ಅಂದರೆ ಒಮ್ಮೆ 120, ಒಮ್ಮೆ 160. ಈ ಏರಿಳಿತ ಮೋಟರ್‌ನ ಬಲ ತಿನ್ನುತ್ತದೆ. ಕಂಪ್ಯೂಟರಿನ ಬದಲು ತಾನೇ ಪಲ್ಸ್ ತೆಗೆಯುವ ಎಫ್‌ಪಿಜಿಎ ಚಿಪ್ಪಿನ ಕಾರ್ಡ್ ಹಾಕಿದರೆ ಈ ತೊಂದರೆ ಪೂರ್ತಿ ಹೋಗುತ್ತದೆ, ಆಗ ಲಿನಕ್ಸ್‌ಗೆ ಮಿಲಿಸೆಕೆಂಡಿಗೊಂದು ಮಾತು ಸಾಕು. ಆದರೆ ಅದಕ್ಕೆ ದುಡ್ಡು ಬೇಕು, ಮತ್ತು ಮರಕ್ಕೆ ಅಷ್ಟು ಬೇಕಿಲ್ಲ. ಡ್ರೈವರ್‌ನ ಸ್ವಿಚ್‌ನಲ್ಲಿ 8ರ ಬದಲು 4 ಭಾಗ ಮಾಡಿದೆ. ಮಿಲಿಮೀಟರ್‌ಗೆ 160 ಪಲ್ಸ್, ಅದೇ ವೇಗಕ್ಕೆ ಪಲ್ಸ್ ಅಂತರ 250. ಒಂದು ಪಲ್ಸ್‌ಗೆ 0.00625 ಮಿಲಿಮೀಟರ್. ಮಳೆಗಾಲದಲ್ಲಿ ಹಲಸಿನ ಹಲಗೆ ತಾನೇ ಅದಕ್ಕಿಂತ ಎಷ್ಟೋ ಪಾಲು ಹಿಗ್ಗುತ್ತದೆ.

ಲಿನಕ್ಸ್‌ಸಿಎನ್‌ಸಿ ತಡವಾದರೆ ‘ಅನಿರೀಕ್ಷಿತ ರಿಯಲ್‌ಟೈಮ್ ತಡ’ ಅಂತ ಒಂದು ಎಚ್ಚರಿಕೆ ತೋರಿಸುತ್ತದೆ. ಮೂರು ಭಾನುವಾರ ನೋಡಿದೆ, ಒಮ್ಮೆಯೂ ಬರಲಿಲ್ಲ.

ಕೊನೆಯ ಭಾನುವಾರ ‘ನೆಮ್ಮದಿ’ಯನ್ನೇ ಮತ್ತೆ ಹಾಕಿದೆವು. ಈ ಸಲ ತೇಗ. ಒಂದು ಗಂಟೆ ಇಪ್ಪತ್ತು ನಿಮಿಷ ಓಡಿತು. ಮಾವ ಮಧ್ಯದಲ್ಲಿ ಎರಡು ಸಲ ಹಾಡು ಬದಲಾಯಿಸಿದರು, ನನಗೆ ಹೇಳದೆ, ಬೇಕಂತಲೇ. ಮುಗಿದ ಮೇಲೆ ಹೊಟ್ಟು ಊದಿ ‘ಮ್ಮ’ದ ಒತ್ತಿನ ಮೇಲೆ ಉಗುರು ಎಳೆದರು. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಉಗುರಿಗೆ ಸಿಗಲಿಲ್ಲ. ‘ದಿ’ ಕೂಡ ತನ್ನ ಸಾಲಿನಲ್ಲೇ ಕೂತಿತ್ತು.

“ಇನ್ನೊಂದು ಹಲಗೆ ಕಟ್ಟು” ಅಂದರು. ಝಡ್ ಅಕ್ಷಕ್ಕೆ, ಅಂದರೆ ಮೇಲೆ ಕೆಳಗೆ ಸರಿಯುವ ದಿಕ್ಕಿಗೆ, ಕೊನೆ ಮುಟ್ಟಿದರೆ ತಿಳಿಸುವ ಲಿಮಿಟ್ ಸ್ವಿಚ್ ಇನ್ನೂ ಹಾಕಿಲ್ಲ. ಮುಂದಿನ ಶನಿವಾರ ಅದು.